ಚಾಮಯ್ಯ ಮೇಷ್ಟ್ರನ್ನೇ ನೋಡುತ್ತ ಕಳೆದ ಒಂದು ಸಂಜೆ

ಕಳೆದ ಭಾನುವಾರ ಸಂಜೆ ‘ನಾಗರಹಾವು’ ಚಿತ್ರವನ್ನು ಮತ್ತೊಮ್ಮೆ ನೋಡಲು ಕುಳಿತಾಗ, ಈ ಸಲ ನಾಯಕ ರಾಮಾಚಾರಿಯ ಹಿಂದೆ ಹೋಗದೆ ಚಾಮಯ್ಯ ಮೇಷ್ಟ್ರ ಪಾತ್ರದ ಕೆ. ಎಸ್. ಅಶ್ವಥ್ ಅವರನ್ನಷ್ಟೇ ಗಮನಿಸಬೇಕೆಂದು ನಿಶ್ಚಯಿಸಿದ್ದೆ. ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಈ ಚಿತ್ರ 1972ರಲ್ಲಿ ತೆರೆಕಂಡಾಗ ಅಶ್ವಥ್ ಅವರಿಗೆ ನಲವತ್ತೇಳು ವರ್ಷ. ನಾಯಕನಾಗಿ ವಿಷ್ಣುವರ್ಧನ್ ಅವರಿಗೆ ಇದೇ ಮೊದಲ ಚಿತ್ರ.

ನನ್ನನ್ನು ಹಿಡಿದು ನಿಲ್ಲಿಸಿದ್ದು ತಾನು ಪ್ರೀತಿಸಿದ ಅಲಮೇಲುವನ್ನು ಮರೆಯುವಂತೆ ಮೇಷ್ಟ್ರು ಶಿಷ್ಯನನ್ನು ಒಪ್ಪಿಸುವ ಭಾಗ. ಹುಡುಗ ಸಿಡಿಯುತ್ತಾನೆ, ಹಟ ಹಿಡಿಯುತ್ತಾನೆ, ಕೊನೆಗೆ ಮಣಿಯುತ್ತಾನೆ. ಊರಿಗೆಲ್ಲ ಎದುರಾಡುವ ಈ ಹುಡುಗ ಇವರೊಬ್ಬರ ಮಾತಿಗೆ ಏಕೆ ತಲೆಬಾಗುತ್ತಾನೆ ಎಂಬುದನ್ನು ನಮಗೆ ನಂಬಿಸಬೇಕಾದ ಹೊಣೆ ಪೂರ್ತಿಯಾಗಿ ಅಶ್ವಥ್ ಅವರ ಮೇಲಿತ್ತು. ಅದನ್ನು ಅವರು ಹೆಚ್ಚಾಗಿ ನಿಭಾಯಿಸುವುದು ಮಾತಿನಿಂದಲ್ಲ, ಕೇಳಿಸಿಕೊಳ್ಳುವ ರೀತಿಯಿಂದ. ಎದುರಿನವನ ಸಂಕಟ ಮೊದಲು ಅವರ ಕಣ್ಣಿಗೆ ಬರುತ್ತದೆ, ಆಮೇಲೆ ದನಿಗೆ. ಹಾಗಾಗಿ ಅವರು ‘ರಾಮಾಚಾರಿ’ ಎಂದು ಕರೆದಾಗ ಆ ಒಂದೇ ಕರೆಯಲ್ಲಿ ಗದರಿಕೆಯೂ ಅಕ್ಕರೆಯೂ ಬೇರ್ಪಡಿಸಲಾಗದಂತೆ ಬೆರೆತಿರುತ್ತವೆ. ಮುಂದೆ ಚಿತ್ರದುರ್ಗದ ಬೆಟ್ಟದ ಮೇಲೆ ಅದೇ ಅಕ್ಕರೆ ಕಟ್ಟುಪಾಡಿಗೆ ಕಟ್ಟುಬಿದ್ದು ಕಠೋರವಾಗುವಾಗಲೂ ಮೇಷ್ಟ್ರು ಕೆಟ್ಟವರಾಗಿ ಕಾಣುವುದಿಲ್ಲ, ಮತ್ತು ಚಿತ್ರದ ಕೊನೆಯ ದುರಂತದ ಭಾರವೆಲ್ಲ ಇರುವುದು ಅಲ್ಲಿಯೇ ಎಂದು ನನಗನಿಸುತ್ತದೆ. ಈ ಪಾತ್ರಕ್ಕೆ ಅವರಿಗೆ ಪೋಷಕ ನಟನ ರಾಜ್ಯ ಪ್ರಶಸ್ತಿ ಬಂತು.

ಮೈಸೂರಿನ ಈ ನಟ ಚಿತ್ರರಂಗಕ್ಕೆ ಬಂದದ್ದು ನಾಯಕನಾಗಿಯೇ, 1955ರ ‘ಸ್ತ್ರೀ ರತ್ನ’ದಲ್ಲಿ. ಆದರೆ ಬಹುಬೇಗ ಹಿರಿಯರ ಪಾತ್ರಗಳು ಅವರನ್ನು ಹುಡುಕಿಕೊಂಡು ಬಂದವು. ತಮಗಿಂತ ನಾಲ್ಕೇ ವರ್ಷ ಕಿರಿಯರಾದ ರಾಜ್‌ಕುಮಾರ್ ಅವರ ಮುಂದೆ ಹಿರಿಯರಾಗಿ ನಿಂತು ಒಪ್ಪಿಸುವುದು ಸಣ್ಣ ಮಾತಲ್ಲ. ತಂದೆ, ಅಣ್ಣ, ಪೌರಾಣಿಕ ಚಿತ್ರಗಳ ನಾರದ ಎಂದು ಮುನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅವರು ಅಭಿನಯಿಸಿದರು.

ಮರುದಿನವೇ, ಮೇಷ್ಟ್ರ ಗುಂಗು ಇನ್ನೂ ಇಳಿಯದಿರುವಾಗ, ‘ನಾಗರಹಾವು’ಗಿಂತ ಒಂದು ವರ್ಷ ಮೊದಲು ಬಂದಿದ್ದ ‘ಕಸ್ತೂರಿ ನಿವಾಸ’ವನ್ನು ನೋಡಿದೆ. ಅಲ್ಲಿ ಅವರು ಮನೆಯ ಆಳು. ಯಜಮಾನ ಎಲ್ಲವನ್ನೂ ಕಳೆದುಕೊಂಡ ಮೇಲೂ ಬಿಟ್ಟುಹೋಗದವನು. ಮೇಷ್ಟ್ರಿಗೆ ಶಿಷ್ಯನನ್ನು ಹೆಸರು ಹಿಡಿದು ಕರೆಯುವ ಹಕ್ಕಿದೆ, ಈ ಆಳಿಗೆ ಯಾರ ಮೇಲೂ ಅಂಥ ಹಕ್ಕಿಲ್ಲ. ಅಳು ಬಂದರೂ ಅಪ್ಪಣೆ ಬೇಕೇನೋ ಎಂಬಂತೆ ಅವನು ತಡೆದು ನಿಲ್ಲುತ್ತಾನೆ. ಪ್ರೀತಿ ಎರಡು ಕಡೆಯೂ ಒಂದೇ ಆಗಿದ್ದರೂ ಅದನ್ನು ತೋರಿಸಲು ಇಬ್ಬರಿಗೂ ಇರುವ ಸಲುಗೆ ಬೇರೆ ಬೇರೆ ಎಂಬುದನ್ನು ಇಷ್ಟು ಸೂಕ್ಷ್ಮವಾಗಿ ಬಲ್ಲ ಇನ್ನೊಬ್ಬ ಪೋಷಕ ನಟರನ್ನು ನಾನು ಕನ್ನಡದಲ್ಲಿ ಕಂಡಿಲ್ಲ.