ಪೆನ್ಸಿಲ್ ಹಿಡಿಯಲು ಕಲಿತದ್ದು

ಶಾಲೆಯ ನೆನಪು ಬರೆದುಕೊಡಿ ಎಂದು ಕೇಳಿದ ಸಂಪಾದಕರ ಮನಸ್ಸಿನಲ್ಲಿ ಗ್ರಂಥಾಲಯವೋ ವಾರ್ಷಿಕೋತ್ಸವವೋ ಇದ್ದಿರಬೇಕು. ನನಗೆ ಮೊದಲು ನೆನಪಾಗುವುದು ಮಾತ್ರ ಪೆನ್ಸಿಲ್ ಕಾಳಗ. ಆ ಆಟದ ಗಂಧಗಾಳಿ ಇಲ್ಲದವರಿಗಾಗಿ ನಿಯಮ ಹೇಳಿಬಿಡುತ್ತೇನೆ. ಒಬ್ಬ ತನ್ನ ಪೆನ್ಸಿಲ್ಲಿನ ಎರಡೂ ತುದಿಗಳನ್ನು ಮುಷ್ಟಿಯಲ್ಲಿ ಹಿಡಿದು ಅಡ್ಡಲಾಗಿ ಚಾಚುತ್ತಾನೆ. ಇನ್ನೊಬ್ಬ ತನ್ನದರ ಒಂದು ತುದಿಯನ್ನು ಬಿಗಿಯಾಗಿ ಹಿಡಿದು, ಇನ್ನೊಂದು ತುದಿಯನ್ನು ಬೆರಳಿನಿಂದ ಹಿಂದಕ್ಕೆ ಬಾಗಿಸಿ ಬಿಡುತ್ತಾನೆ. ಅದು ಚಿಮ್ಮಿ ಬಂದು ಬಡಿಯುತ್ತದೆ. ಮುರಿಯದಿದ್ದರೆ ಸರದಿ ಬದಲಾಗುತ್ತದೆ. ಯಾರ ಪೆನ್ಸಿಲ್ ಎರಡು ತುಂಡಾಗುತ್ತದೆಯೋ ಅವರು ಸೋತಂತೆ.

ಇದನ್ನು ನನಗೆ ಕಲಿಸಿದವನು ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ. ತರಗತಿಯಲ್ಲಿ ಎಲ್ಲರಿಗೂ ಹೊಡೆಯುವುದರ ಮೇಲೇ ಕಣ್ಣು. ಅವನು ಮಾತ್ರ ಪಾಠವನ್ನು ಹಿಡಿಯುವುದರಿಂದ ಶುರುಮಾಡಿದ. ಹೊಡೆಯಲು ಯಾರಿಗಾದರೂ ಬರುತ್ತದೆ, ಪೆಟ್ಟು ತಿನ್ನಲು ಬರಬೇಕು ಎನ್ನುತ್ತಿದ್ದ. ಕೈ ಬಿಗಿಹಿಡಿದು ಕಲ್ಲಿನಂತೆ ಕುಳಿತರೆ ಏಟಿನ ಬಲವೆಲ್ಲ ಮರಕ್ಕೇ ಹೋಗುತ್ತದೆ. ವೇಗವಾಗಿ ಬರುವ ಚೆಂಡನ್ನು ಹಿಡಿಯುವಾಗ ಕೈ ಹಿಂದಕ್ಕೆ ಎಳೆದುಕೊಳ್ಳುವಂತೆ, ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಮಣಿಕಟ್ಟು ತುಸು ಕೆಳಗಿಳಿಯಬೇಕು. ಮೊದಲೇ ಇಳಿಸಿದರೆ ಮೋಸ ಎಂದು ಕೂಗುತ್ತಾರೆ, ತಡವಾದರೆ ಪೆನ್ಸಿಲ್ ಉಳಿಯುವುದಿಲ್ಲ.

ಪೆನ್ಸಿಲ್ ಆರಿಸುವುದಂತೂ ಅವನಿಗೆ ಪೂಜೆಯಷ್ಟೇ ಗಂಭೀರ. ಕೆತ್ತದ ತುದಿಯನ್ನು ಕಣ್ಣಿನ ಹತ್ತಿರ ತಂದು ನೋಡುತ್ತಿದ್ದ. ಗ್ರಾಫೈಟ್ ಕಡ್ಡಿಯ ಎರಡೂ ಬದಿಗೆ ಕೂದಲೆಳೆಯಂಥ ಒಂದು ಗೆರೆ ಕಾಣುತ್ತದೆ. ಸಣ್ಣ ತೋಡು ಕೊರೆದ ಎರಡು ಮರದ ಪಟ್ಟಿಗಳ ನಡುವೆ ಕಡ್ಡಿಯನ್ನಿಟ್ಟು ಅಂಟಿಸಿದ ಜಾಗ ಅದು. ಆ ಗೆರೆ ಎಲ್ಲಾದರೂ ಬಿಟ್ಟುಕೊಂಡಿದ್ದರೆ ಆ ಪೆನ್ಸಿಲ್ ಬರೆಯುವುದಕ್ಕೆ ಮಾತ್ರ. ಆಮೇಲೆ ಮೊನೆಯ ಕಡೆ ಕೆತ್ತಿದ ಭಾಗದಲ್ಲಿ ಮರದ ಎಳೆಗಳು ನೇರವಾಗಿವೆಯೇ ಎಂದು ಪರೀಕ್ಷೆ. ಓರೆಯಾಗಿ ಹೊರಗೆ ಹಾಯುವ ಎಳೆಯಿದ್ದರೆ ಮುರಿತ ಅದೇ ದಾರಿ ಹಿಡಿದು ಸುಲಭವಾಗಿ ಸಾಗುತ್ತದೆ.

ನಮ್ಮ ಎದುರಾಳಿಗಳಲ್ಲಿ ಹಲವರು ‘ಎಚ್’ ಗುರುತಿನ ಪೆನ್ಸಿಲ್ಲೇ ಗಟ್ಟಿ ಎಂದು ಅದನ್ನೇ ಹಿಡಿದು ಬರುತ್ತಿದ್ದರು. ಪಾಪ. ಫ್ರಾನ್ಸಿನ ಕಾಂಟೆ 1795ರಲ್ಲಿ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುವ ವಿಧಾನಕ್ಕೆ ಪೇಟೆಂಟ್ ಪಡೆದ; ಮಣ್ಣು ಹೆಚ್ಚಾದಂತೆ ಬರಹ ತೆಳು, ಕಡ್ಡಿ ಗಡಸು. ಆದರೆ ಆ ಗಡಸುತನ ಕಾಗದದ ಮೇಲಿನದು. ಕಾಳಗದಲ್ಲಿ ಭಾರ ಹೊರುವುದು ಮರ. ಕಡ್ಡಿ ಯಾವುದಾದರೇನು, ಕೆಲವು ಏಟಿಗೇ ಒಳಗೊಳಗೆ ತುಂಡಾಗಿ, ಚಿತ್ರಕಲೆಯ ತರಗತಿಯಲ್ಲಿ ಕೆತ್ತಿದಷ್ಟೂ ಉದುರಿ ಸೇಡು ತೀರಿಸಿಕೊಳ್ಳುತ್ತಿತ್ತು.

ಹೊಡೆಯುವ ಪಾಠ ಬಂದದ್ದು ಕೊನೆಗೆ. ಗುರಿ ಎರಡು ಮುಷ್ಟಿಗಳ ನಟ್ಟನಡುವೆ, ಏಕೆಂದರೆ ಬಾಗು ಹೆಚ್ಚಾಗುವುದು ಅಲ್ಲಿ. ಸಿಕ್ಕಿದಲ್ಲಿ ಹೊಡೆಯುವ ಹುಡುಗರು ಹತ್ತು ಕಡೆ ಗೀರು ಮಾಡುತ್ತಿದ್ದರು. ಅವನು ಹಳೆಯ ಗಾಯದ ಮೇಲೇ ಮತ್ತೆ ಮತ್ತೆ ಬಡಿಯುತ್ತಿದ್ದ. ಮೊದಲು ಬಣ್ಣ ಚಕ್ಕೆ ಎದ್ದು ಒಳಗಿನ ಮರ ಇಣುಕುತ್ತದೆ. ಆಮೇಲೆ ಏಟು ಬಿದ್ದ ಬದಿಯಲ್ಲಲ್ಲ, ಅದರ ತಳಬದಿಯಲ್ಲಿ ಸಣ್ಣ ಬಿರುಕು. ಅಷ್ಟರಲ್ಲಿ ಸದ್ದೂ ಬದಲಾಗಿರುತ್ತದೆ: ‘ಟಣ್’ ಎನ್ನುತ್ತಿದ್ದದ್ದು ‘ಟಪ್’ ಎನ್ನತೊಡಗುತ್ತದೆ. ಆ ಸದ್ದು ಕೇಳಿದೊಡನೆ ಅವನು ಆತುರ ಬಿಟ್ಟು ನಿಧಾನವಾಗಿ ಗುರಿಯಿಡುತ್ತಿದ್ದ. ಅಬ್ಬರದಿಂದ ಬೀಸಿದವರ ಪೆನ್ಸಿಲ್ಲೇ ಮುರಿದು ಬಿದ್ದದ್ದೂ ಉಂಟು. ಕೊಟ್ಟಷ್ಟೇ ಬಲ ತಿರುಗಿ ಬರುತ್ತದೆಂದು ವಿಜ್ಞಾನದ ಪುಸ್ತಕ ಹೇಳುವ ಮೊದಲೇ ನಮಗೆ ತಿಳಿದಿತ್ತು.

ಜಗಳಗಳಿಗೇನೂ ಕೊರತೆಯಿರಲಿಲ್ಲ. ದೊಡ್ಡದು ಪೆನ್ಸಿಲ್ ತಿರುಗಿಸುವ ವಿಷಯದ್ದು. ತಳಬದಿಯ ಬಿರುಕು ಏಟು ಬಿದ್ದಾಗ ಬಾಯಿ ತೆರೆಯುತ್ತದೆ. ಅದನ್ನೇ ಮೇಲ್ಮುಖವಾಗಿ ತಿರುಗಿಸಿ ಹಿಡಿದರೆ ಅದುಮಿಕೊಳ್ಳುತ್ತದೆ. ಸೋಲುವ ಪೆನ್ಸಿಲ್ಲಿಗೆ ಇದರಿಂದ ಇನ್ನೂ ಕೆಲವು ಸರದಿಗಳ ಆಯುಸ್ಸು. ನನ್ನ ಗೆಳೆಯ ಇದನ್ನು ಜಾಣತನ ಎಂದ, ಉಳಿದವರು ವಂಚನೆ ಎಂದರು. ಕೊನೆಗೆ ಸರದಿಯ ನಡುವೆ ತಿರುಗಿಸಬಾರದೆಂಬ ಕಾನೂನಾಯಿತು. ಮೋಟು ಪೆನ್ಸಿಲ್ಲನ್ನೂ ನಿಷೇಧಿಸಿದರು. ಅದು ನ್ಯಾಯವೇ: ಹಿಡಿತದ ನಡುವಿನ ಅಂತರ ಅರ್ಧವಾದರೆ ಮುರಿಯಲು ಸುಮಾರು ಎರಡರಷ್ಟು ಬಲ ಬೇಕು, ಇನ್ನು ಬೆರಳುದ್ದದ ಮೋಟನ್ನು ಮುರಿಯುವವರು ಯಾರು?

ಚಕ್ಕೆಯೊಂದು ಹಾರಿ ಒಬ್ಬನ ಕಣ್ಣಿನ ಪಕ್ಕಕ್ಕೆ ಬಡಿದ ಮೇಲೆ ಶಿಕ್ಷಕರು ಆಟವನ್ನೇ ನಿಲ್ಲಿಸಿದರು. ಕಣ್ಣಿಗೆ ಏನೂ ಆಗಲಿಲ್ಲ. ಆದರೂ ಅವರು ಮಾಡಿದ್ದು ಸರಿ. ಮುಖವನ್ನು ಅಷ್ಟು ಹತ್ತಿರವಿಟ್ಟು ಆಡುವ ಆಟವಲ್ಲ ಅದು.

ಗೆಳೆಯನ ಪೆನ್ಸಿಲ್ ನನ್ನ ಕೈಯಲ್ಲಿ ಮುರಿದದ್ದು ಒಂದೇ ಒಂದು ಸಲ, ನಿಷೇಧಕ್ಕೆ ಸ್ವಲ್ಪ ಮುಂಚೆ. ತುಂಡುಗಳನ್ನು ಎತ್ತಿಕೊಂಡು ಎಳೆಗಳನ್ನು ಬಹಳ ಹೊತ್ತು ಪರೀಕ್ಷಿಸಿ, ಮರದಲ್ಲಿ ಗಂಟಿತ್ತು, ಇದು ಲೆಕ್ಕಕ್ಕಿಲ್ಲ ಎಂದು ತೀರ್ಪು ಕೊಟ್ಟ. ಈಚೆಗೆ ಸಿಕ್ಕಾಗಲೂ ಅದೇ ಮಾತು. ಗಂಟೂ ಇರಲಿಲ್ಲ, ಗಿಂಟೂ ಇರಲಿಲ್ಲ. ಆ ತುಂಡುಗಳನ್ನು ನಾನೂ ನೋಡಿದ್ದೇನೆ.