ಬಿಲ್ಡ್ ಹಸಿರು, ಮಂಜೇಶ್ವರ ಮಾತ್ರ ಇಲ್ಲ

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಊರೂರುಗಳಿಂದ ತೋಟದ ಪದಗಳನ್ನು ಕೂಡಿಸಿ, ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ನೆಟ್‌ವರ್ಕ್ ಇಲ್ಲದೆಯೂ ನಡೆಯುವ ಆಂಡ್ರಾಯ್ಡ್ ಆ್ಯಪ್ ಕಟ್ಟುವ ಕೆಲಸವದು. ಊರಿಗೊಂದು ಟೆಕ್ಸ್ಟ್ ಫೈಲು, ಫೈಲಿಗೆ ಊರಿನದೇ ಹೆಸರು. ಊರುಗಳ ಪಟ್ಟಿಯನ್ನು ಓದಿ ಒಂದೊಂದು ಫೈಲನ್ನೂ ಎಸ್‌ಕ್ಯೂಲೈಟ್ ಡೇಟಾಬೇಸಿಗೆ ತುಂಬುವುದು ಮೇಕ್‌ಫೈಲ್ (ಮೇಕ್ ಕಮಾಂಡಿಗೆ ಕೆಲಸ ಹೇಳುವ ಫೈಲು), ಕೊನೆಗೆ ಎಪಿಕೆಯನ್ನು, ಅಂದರೆ ಫೋನಿಗೆ ಹಾಕುವ ಆ್ಯಪ್ ಫೈಲನ್ನು, ಕಟ್ಟುವುದು ಗ್ರೇಡಲ್ ಎಂಬ ಸಲಕರಣೆ. ಆ ದಿನ ಬಿಲ್ಡನ್ನು, ಅಂದರೆ ಈ ಕಟ್ಟುವ ಕೆಲಸವನ್ನು, ತಾನಾಗಿ ನಡೆಸುವ ಸಿಐ ಸರ್ವರ್ ಎಲ್ಲ ಸರಿ ಎಂಬ ಹಸಿರು ಗುರುತು ತೋರಿಸಿತು. ಎಪಿಕೆಯನ್ನು ಫೋನಿಗೆ ಹಾಕಿ ನೋಡಿದರೆ ಕುಂಬಳೆ ಇದೆ, ಪೆರ್ಲ ಇದೆ, ಬದಿಯಡ್ಕ ಇದೆ. ಮಂಜೇಶ್ವರ ಇಲ್ಲ, ಕಾಸರಗೋಡೇ ಇಲ್ಲ.

ಊರು ಕಾಣೆಯಾದದ್ದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಬಿಲ್ಡ್ ಹಸಿರಾದದ್ದು ಹೇಗೆ? ಸ್ಕ್ರಿಪ್ಟಿನಲ್ಲಿ ಮೇಕ್‌ನ ಔಟ್‌ಪುಟನ್ನು ಲಾಗ್ ಫೈಲಿಗೂ ಇಳಿಸಲು ಟೀ ಕಮಾಂಡಿಗೆ ಪೈಪ್ ಮಾಡಲಾಗಿತ್ತು, ಅಂದರೆ ನೇರವಾಗಿ ಹಾಯಿಸಲಾಗಿತ್ತು. ಸ್ಕ್ರಿಪ್ಟನ್ನು ನಡೆಸುವ ಬ್ಯಾಶ್‌ನಲ್ಲಿ ಪೈಪಿನ ಎಕ್ಸಿಟ್ ಕೋಡ್ (ಗೆದ್ದರೆ 0, ಸೋತರೆ ಬೇರೆ ಅಂಕಿ) ಎಂದರೆ ಕೊನೆಯ ಕಮಾಂಡಿನದು. ಮೇಕ್ 2 ಕೊಟ್ಟು ಬಿದ್ದರೂ ಟೀ 0 ಕೊಡುತ್ತದೆ, ತಪ್ಪಾದ ಕೂಡಲೇ ನಿಲ್ಲಿಸುವ ಸೆಟ್ -ಇ ಹಾಕಿದ್ದರೂ ಪ್ರಯೋಜನವಿಲ್ಲ. ಜತೆಗೆ ಮೇಕ್‌ಗೆ -ಕೆ ಆಯ್ಕೆ ಇದ್ದುದರಿಂದ ಒಂದು ಊರು ಕೈಕೊಟ್ಟರೂ ಅದು ಉಳಿದವನ್ನು ಮುಗಿಸಿತು. ಗ್ರೇಡಲ್ ಸಿಕ್ಕಿದ್ದನ್ನು ಪ್ಯಾಕ್ ಮಾಡಿತು. ಸ್ಕ್ರಿಪ್ಟಿನ ತಲೆಯಲ್ಲಿ ಸೆಟ್ -ಇಯು ಮತ್ತು -ಓ ಪೈಪ್‌ಫೇಲ್ (ಪೈಪಿನ ಯಾವ ಕಮಾಂಡ್ ಸೋತರೂ ಸೋಲೆಂದು ಎಣಿಸುವ ಆಯ್ಕೆ) ಸೇರಿಸಿದ ಕೂಡಲೇ ಬಿಲ್ಡ್ ಕೆಂಪಾಯಿತು. ಸುಳ್ಳು ಹಸಿರಿಗಿಂತ ಕೆಂಪು ಎಷ್ಟೋ ಮೇಲು.

ಲಾಗನ್ನು ಕೆಳಗಿನಿಂದ ಓದಬಾರದು. ಕೊನೆಯ ಸಾಲಿನ 'ಎರರ್ 2' ಎಂದರೆ ಮೇಕ್ ಸೋತಿತು ಎಂದಷ್ಟೇ ಅರ್ಥ, ಕಾರಣ ಮೇಲೆಲ್ಲೋ ಇರುತ್ತದೆ. ಇಲ್ಲಿ ಮೊದಲ ತಪ್ಪು 'ನೋ ರೂಲ್ ಟು ಮೇಕ್ ಟಾರ್ಗೆಟ್', ಅಂದರೆ ಮಂಜೇಶ್ವರದ ಮೂಲ ಫೈಲು ಮೇಕ್‌ಗೆ ಸಿಕ್ಕಿಲ್ಲ. ಫೋಲ್ಡರಿನಲ್ಲಿ ಅದು ಕಣ್ಣೆದುರಿಗೇ ಇದೆ! ಪಟ್ಟಿಯಿಂದ ಹೆಸರನ್ನು ಕಾಪಿ ಮಾಡಿ ಫೈಲು ತೆರೆದು ತೋರಿಸುವ ಕ್ಯಾಟ್ ಕಮಾಂಡಿಗೆ ಕೊಟ್ಟರೆ ಫೈಲಿಲ್ಲ ಎನ್ನುತ್ತದೆ, ಟ್ಯಾಬ್ ಕೀಲಿ ಒತ್ತಿ ಹೆಸರು ತುಂಬಿಸಿದರೆ ತೆರೆಯುತ್ತದೆ.

ಪಟ್ಟಿಯ ಸಾಲುಗಳ ಕೊನೆಗೆ ವಿಂಡೋಸ್‌ನ ಕಾಣದ ಸಿಆರ್ ಅಕ್ಷರ ಅಂಟಿದ್ದರೆ ಎಲ್ಲ ಊರೂ ಬೀಳಬೇಕಿತ್ತು. ಲೊಕೇಲ್, ಅಂದರೆ ಭಾಷೆಯ ಸೆಟ್ಟಿಂಗ್, ಸರಿಯಿಲ್ಲದಿದ್ದರೆ ಕನ್ನಡ ಹೆಸರು ಒಂದೂ ದಾಟಬಾರದಿತ್ತು. ಬಿದ್ದವು ಮಂಜೇಶ್ವರ, ಕಾಸರಗೋಡು, ಮುಳ್ಳೇರಿಯ, ಪೈವಳಿಕೆ, ನೀರ್ಚಾಲ್. ದಾಟಿದವು ಕುಂಬಳೆ, ಪೆರ್ಲ, ಉಪ್ಪಳ, ಅಡೂರು, ಬದಿಯಡ್ಕ. ಎರಡೂ ಸಾಲನ್ನು ಕಾಗುಣಿತದ ಕಣ್ಣಿನಿಂದ ನೋಡಿದರೆ ಗುಟ್ಟು ಬಯಲಾಗುತ್ತದೆ. ಬಿದ್ದ ಪ್ರತಿಯೊಂದರಲ್ಲೂ ಗುಡಿಸಿನ ದೀರ್ಘವೋ ಏತ್ವದ ದೀರ್ಘವೋ ಐತ್ವವೋ ಒತ್ವದ ದೀರ್ಘವೋ ಇದೆ, ದಾಟಿದವುಗಳಲ್ಲಿ ಇಲ್ಲ.

ಪ್ರತಿ ಚಿಹ್ನೆಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಈ ನಾಲ್ಕನ್ನೂ, ಜತೆಗೆ ಒತ್ವವನ್ನೂ, ಎರಡು ರೀತಿಯಲ್ಲಿ ಬರೆಯಬಹುದು. 'ಗೋ'ದ ಒತ್ವದ ದೀರ್ಘ ಒಂದೇ ಚಿಹ್ನೆಯಾಗಿ ಯು+0ಸಿಸಿಬಿ. ಬಿಡಿಸಿದರೆ ಮೂರು: ಏತ್ವ, ಕೊಂಬಿನ ದೀರ್ಘ, ಕೊನೆಗೆ ಬಿಡಿ ದೀರ್ಘ. ಪರದೆಯಲ್ಲಿ ಎರಡೂ ಒಂದೇ. ಮೊದಲನೆಯ, ಕೂಡಿಸಿದ ರೂಪ ಎನ್‌ಎಫ್‌ಸಿ; ಎರಡನೆಯ, ಬಿಡಿಸಿದ ರೂಪ ಎನ್‌ಎಫ್‌ಡಿ. ಫೈಲುಗಳ ಹೆಸರು ಕೊಡುವ ಎಲ್‌ಎಸ್ ಔಟ್‌ಪುಟನ್ನು ಬೈಟ್ ತೋರಿಸುವ ಎಕ್ಸ್‌ಎಕ್ಸ್‌ಡಿಗೆ ಪೈಪ್ ಮಾಡಿದಾಗ ಪಟ್ಟಿಯಲ್ಲಿ 'ಇ0 ಬಿ3 8ಬಿ' ಇರುವ ಕಡೆ ಫೈಲಿನ ಹೆಸರಿನಲ್ಲಿ 'ಇ0 ಬಿ3 86 ಇ0 ಬಿ3 82 ಇ0 ಬಿ3 95' ಬಂತು. ಕಾಸರಗೋಡು ಪಟ್ಟಿಯಲ್ಲಿ 24 ಬೈಟ್, ಫೋಲ್ಡರಿನಲ್ಲಿ 30 ಬೈಟ್. ಲಿನಕ್ಸ್ ಹೆಸರನ್ನು ಬೈಟ್‌ಗಳಾಗಿಯೇ ಹೋಲಿಸುವುದರಿಂದ ಅದಕ್ಕೆ ಇವು ಎರಡು ಬೇರೆ ಫೈಲುಗಳು.

ಬಿಡಿಸಿದ ಹೆಸರು ಬಂದದ್ದು ಹಳೆಯ ಮ್ಯಾಕ್ ಒಂದರಿಂದ. ಅದರ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಫೈಲಿನ ಹೆಸರುಗಳನ್ನು ಬಿಡಿಸಿಯೇ ಇಡುತ್ತದೆ, ಒಳಗಿನ ಬರಹವನ್ನು ಮುಟ್ಟುವುದಿಲ್ಲ. ಮ್ಯಾಕ್‌ನಿಂದಲೇ ಫೈಲುಗಳ ಬದಲಾವಣೆ ದಾಖಲಿಸುವ ಗಿಟ್‌ಗೆ ಸೇರಿಸಿದ್ದರೆ ಅದರ ಪ್ರಿಕಂಪೋಸ್‌ಯೂನಿಕೋಡ್ ಸೆಟ್ಟಿಂಗ್ ಕೂಡಿಸಿ ಕೊಡುತ್ತಿತ್ತು. ಇವು ಜಿಪ್ ಆಗಿ ಪೆನ್‌ಡ್ರೈವ್‌ನಲ್ಲಿ ಬಂದಿದ್ದವು.

ಪರಿಹಾರಕ್ಕೆ ಫೈಲಿನ ಹೆಸರಿನ ರೂಪ ಬದಲಿಸುವ ಕಾನ್ವ್‌ಎಂವಿ ಸಾಕು. ಎರಡೂ ಕಡೆ ಯುಟಿಎಫ್-8 ಎಂದು ಹೇಳಿ ಎನ್‌ಎಫ್‌ಸಿ ಆಯ್ಕೆ ಕೊಡಬೇಕು. ನೋಟೆಸ್ಟ್ ಆಯ್ಕೆ ಕೊಡುವ ತನಕ ಅದು ಏನು ಮಾಡಲಿದೆ ಎಂದು ತೋರಿಸುತ್ತದೆ ಹೊರತು ಹೆಸರು ಬದಲಿಸುವುದಿಲ್ಲ. ಆ ಪಟ್ಟಿಯನ್ನು ಓದಿಯೇ ಮುಂದುವರಿಯಿರಿ. ಒಂದೇ ಫೋಲ್ಡರಿನಲ್ಲಿ ಎರಡೂ ರೂಪದ ಕಾಸರಗೋಡು ಇದ್ದರೆ ಮೊದಲು ಡಿಫ್ ಕಮಾಂಡಿನಿಂದ ವ್ಯತ್ಯಾಸ ನೋಡಿ ಯಾವುದು ಹೊಸತೆಂದು ತೀರ್ಮಾನಿಸಬೇಕು.

ಇಷ್ಟಾದರೂ ನೀರ್ಚಾಲ್ ದಾಟಲಿಲ್ಲ. ಅದರ ಕೊನೆಯಲ್ಲಿ 'ಇ2 80 8ಸಿ' ಉಳಿದಿತ್ತು, ಅಂದರೆ ಅಕ್ಷರ ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್ ಜಾಯಿನರ್. ಕೆಲವು ಕೀಲಿಮಣೆಗಳಲ್ಲಿ ವ್ಯಂಜನಾಂತ ಪದ ಮುಗಿಸುವಾಗ ಅದು ಸೇರಿಕೊಳ್ಳುತ್ತದೆ. ಎನ್‌ಎಫ್‌ಸಿ ಅದನ್ನು ತೆಗೆಯುವುದಿಲ್ಲ. ಹಾಗೆಂದು ಸಿಕ್ಕಲ್ಲೆಲ್ಲ ಅಳಿಸಲೂ ಬಾರದು. 'ಸಾಫ್ಟ್‌ವೇರ್' ಎಂಬಲ್ಲಿ ಅದಿಲ್ಲದಿದ್ದರೆ 'ವೇ' ಹೋಗಿ ಒತ್ತಕ್ಷರವಾಗಿ ಕೆಳಗೆ ಕೂರುತ್ತದೆ. ಫೈಲಿನ ಹೆಸರಿನಲ್ಲಿ ಪದದ ಕೊನೆಯದನ್ನು ಮಾತ್ರ ತೆಗೆದೆವು. ಆ್ಯಪ್‌ನಲ್ಲಿ ತೋರಿಸುವ ಪದವನ್ನು ಇದ್ದಂತೆಯೇ ಇಟ್ಟು, ಡೇಟಾಬೇಸಿನ ಹುಡುಕುವ ಕಾಲಮ್ಮಿನಲ್ಲಿ ಪೂರ್ತಿ ತೆಗೆದೆವು. ಎಸ್‌ಕ್ಯೂಲೈಟ್ ಕೂಡ ಸಾಮಾನ್ಯವಾಗಿ ಬೈಟ್ ನೋಡಿಯೇ ಹೋಲಿಸುತ್ತದೆ, ಆದ್ದರಿಂದ ಮಗು ಟೈಪಿಸಿದ ಪದವನ್ನೂ ಅದೇ ಫಂಕ್ಷನ್ನಿನಲ್ಲಿ ಹಾಯಿಸಬೇಕು.

ಇಂಥ ತೊಡಕು ಬಂದಾಗಲೆಲ್ಲ ಸಿಗುವ ಸಲಹೆ, ಫೈಲುಗಳಿಗೆ ಇಂಗ್ಲಿಷ್ ಹೆಸರಿಡಿ ಎಂಬುದು. ನಾನು ಒಪ್ಪುವುದಿಲ್ಲ. ಪದ ಕಳಿಸುವವರು ಅಡಿಕೆ ತೋಟದವರು, ಶಾಲೆಯ ಮೇಷ್ಟ್ರುಗಳು. ಗಡಿಯ ಈಚೆ ಇದ್ದುಕೊಂಡು ಊರಿನ ಹೆಸರನ್ನು ಕನ್ನಡದಲ್ಲಿ ಬರೆಯುವುದು ಅವರ ಹಕ್ಕು. ಬೈಟ್‌ಗಳ ಗೊಡವೆ ಸ್ಕ್ರಿಪ್ಟಿಗಿರಲಿ.

ಈಗ ಮೇಕ್ ಶುರುವಾಗುವ ಮೊದಲೇ ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್ ಪ್ರತಿ ಹೆಸರನ್ನೂ ಎನ್‌ಎಫ್‌ಸಿ ರೂಪದೊಂದಿಗೆ ಹೋಲಿಸುತ್ತದೆ. ಹೊಂದದಿದ್ದರೆ ಹೆಸರನ್ನೂ ಅದರ ಕೋಡ್‌ಪಾಯಿಂಟ್‌ಗಳನ್ನೂ (ಯೂನಿಕೋಡ್ ಸಂಖ್ಯೆಗಳನ್ನು) ಮುದ್ರಿಸಿ 1 ಕೊಟ್ಟು ನಿಲ್ಲುತ್ತದೆ. -ಕೆ ಆಯ್ಕೆಯನ್ನು ತೆಗೆದಾಯಿತು. ಗ್ರೇಡಲ್‌ಗೆ ಮುನ್ನ ಪಟ್ಟಿಯಲ್ಲಿರುವ ಊರುಗಳೆಷ್ಟು, ಡೇಟಾಬೇಸಿನಲ್ಲಿರುವವೆಷ್ಟು ಎಂದು ಎಣಿಸುವ ಒಂದು ಸಾಲೂ ಇದೆ. ಎರಡು ಲೆಕ್ಕ ಕೂಡದಿದ್ದರೆ ಎಪಿಕೆ ಕಟ್ಟುವುದಿಲ್ಲ.