ಬ್ಲಾಂಕ್ ಕ್ಲೀನ್ ಇತ್ತು, ಆದರೂ

ಚನ್ನಗಿರಿ ಕಡೆಯ ಒಂದು ಸಣ್ಣ ಕೆರೆಯ ರಿಪೋರ್ಟ್ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಹುಡುಕುತ್ತಿದ್ದದ್ದು ಆಫ್ರಿಕನ್ ಕ್ಯಾಟ್‌ಫಿಶ್. ನಾಟಿ ಮೀನುಗಳನ್ನು ನುಂಗಿ ಹಾಕುತ್ತದೆ ಅಂತ ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದ ಮೀನು. ಕದ್ದು ಸಾಕುವುದು ಮಾತ್ರ ನಿಂತಿಲ್ಲ. ನಾವು ಬಲೆ ಹಾಕುವುದಿಲ್ಲ. ನೀರು ಸೋಸಿ, ಮೀನು ಬಿಟ್ಟ ಲೋಳೆ, ಮಲ, ಚರ್ಮದ ಚೂರಿನ ಡಿಎನ್‌ಎ ಹುಡುಕುತ್ತೇವೆ.

ಕೇಳೋಕೆ ಸುಲಭ. ಭದ್ರಾ ನಾಲೆ ಬಿಟ್ಟಿದ್ದರು, ನೀರೆಲ್ಲ ರಾಡಿ. 0.45 ಮೈಕ್ರಾನ್ ಫಿಲ್ಟರ್ ಅರ್ಧ ಲೀಟರ್‌ಗೇ ಕಟ್ಟಿಕೊಂಡಿತು. ದೋಣಿ ಬಾಡಿಗೆಗೆ ಆಫೀಸಿನವರು ದುಡ್ಡು ಕೊಟ್ಟಿರಲಿಲ್ಲ. ಹಾಗಾಗಿ ದಡದ ಮೆಟ್ಟಿಲ ಹತ್ತಿರವೇ ಬಾಟಲಿ ತುಂಬಿದೆವು.

ಹುಡುಕುವ ಡಿಎನ್‌ಎ ಇದ್ದರೆ ಅದನ್ನು ಸೈಕಲ್ ಸೈಕಲ್‌ಗೂ ಹೆಚ್ಚಿಸಿ, ಗೆರೆ ಎಬ್ಬಿಸಿ ತೋರಿಸುವ ಮಷೀನು ಕ್ಯೂಪಿಸಿಆರ್. ಅದು 30ನೇ ಸೈಕಲ್ ದಾಟಿದರೂ ಗೆರೆಗಳೆಲ್ಲ ನೆಲಕ್ಕಂಟಿಕೊಂಡೇ ಇದ್ದವು. ಚಹಾಕ್ಕೆ ಏಳೋಣ ಅನ್ನುವಷ್ಟರಲ್ಲಿ 34ರ ಹತ್ತಿರ ಒಂದು ಗೆರೆ ತಲೆ ಎತ್ತಿತು. ಅದರ ಹಿಂದೆಯೇ ಇನ್ನೊಂದು. ಅದೇ ಸ್ಯಾಂಪಲ್‌ನ ಮೂರನೇ ಪ್ರತಿ (ರೆಪ್ಲಿಕೇಟ್) ಏಳಲೇ ಇಲ್ಲ. ಉಸಿರು ಬಿಗಿಹಿಡಿದು ಫೀಲ್ಡ್ ಬ್ಲಾಂಕ್, ಅಂದರೆ ಕೆರೆಯ ಹತ್ತಿರ ಶುದ್ಧ ನೀರನ್ನೇ ಸೋಸಿ ತಂದ ಸ್ಯಾಂಪಲ್, ನೋಡಿದೆ. ಕ್ಲೀನ್. ಡಿಎನ್‌ಎ ಬೇರ್ಪಡಿಸುವಾಗ ಇಟ್ಟ ಎಕ್ಸ್‌ಟ್ರಾಕ್ಷನ್ ಬ್ಲಾಂಕ್, ಮಷೀನಿನಲ್ಲಿ ಡಿಎನ್‌ಎ ಹಾಕದೆ ಇಟ್ಟ ಎನ್‌ಟಿಸಿ, ಅವೂ ಕ್ಲೀನ್. ಡಿಎನ್‌ಎ ಅಕ್ಷರ ಓದುವ ಸೀಕ್ವೆನ್ಸಿಂಗ್‌ನಲ್ಲೂ ಅದೇ ಮೀನು ಅಂತ ಬಂತು. ಸಿಕ್ಕಿಬಿತ್ತು ಅಂತ ಬಾಸ್‌ಗೆ ನಾನೇ ಫೋನ್ ಮಾಡಿದೆ.

'ಇದೆ ಅಂತ ಒಂದು ಸಾಲು ಬರೆದು ಕಳಿಸಿ' ಅಂದರು. ಅವರಿಗೆ ಬೇಕಿದ್ದದ್ದೂ ಅಷ್ಟೇ.

ಕಳಿಸುವ ಮೊದಲು ಸುಮ್ನೆ ಕೆರೆ ಟೆಂಡರ್ ಹಿಡಿದವರನ್ನು ಕೇಳಿದೆ. 'ಕೆರೇಲಿ ಎಲ್ಲೈತ್ರೀ ಸರ್? ಸಂತೆ ದಿನ ಹೊರಗಿಂದ ಡ್ರಮ್ಮಲ್ಲಿ ತರ್ತಾರೆ. ಆ ಮೆಟ್ಟಿಲ ಮೇಲೇ ಕೊಯ್ದು ತೊಳೀತಾರೆ.'

ಬ್ಲಾಂಕ್ ಹೇಳುವುದು ನಮ್ಮ ಕೈ, ನಮ್ಮ ಬಾಟಲಿಯ ವಿಷಯ ಮಾತ್ರ. ಕೆರೆಗೆ ಯಾರು ಏನು ಚೆಲ್ಲಿದರು ಅನ್ನುವುದು ಅದಕ್ಕೇನು ಗೊತ್ತು? ನೀರಿನಲ್ಲಿ ಡಿಎನ್‌ಎ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಉಳಿಯುತ್ತದೆ. ಈಜುವ ಮೀನಿನದೋ, ಕೊಯ್ದ ಮೀನಿನದೋ, ನಾಲೆಯಲ್ಲಿ ಮೇಲಿಂದ ಹರಿದು ಬಂದದ್ದೋ, ಮಷೀನಿಗೆ ಎಲ್ಲ ಒಂದೇ.

ಕೊನೆಗೆ ಕೈಯಿಂದ ದುಡ್ಡು ಹಾಕಿ ಹರಿಗೋಲಿನಲ್ಲಿ ನಡುಗೆರೆಗೆ ಹೋದೆವು. ಅಲ್ಲಿನ ನೀರಿಗೆ ಒಂದು ಗೆರೆಯೂ ಏಳಲಿಲ್ಲ. ಪರೀಕ್ಷೆ ಕೆಲಸ ಮಾಡಿತೇ ಅಂತ ತಿಳಿಯಲು ಬೆರೆಸುವ ಇಂಟರ್ನಲ್ ಕಂಟ್ರೋಲ್ ಸರಿಯಾಗಿ ಬಂದಿತ್ತು, ಹಾಗಾಗಿ ರಾಡಿ ಪರೀಕ್ಷೆಯನ್ನೇ ತಡೆದಿದೆ (ಇನ್ಹಿಬಿಷನ್) ಅನ್ನೋಕೂ ಇಲ್ಲ. ಹಾಗಂತ ಮೀನು ಇಲ್ಲವೇ ಇಲ್ಲ ಅಂತಲೂ ಅಲ್ಲ. ಡ್ರಮ್ಮಿನಿಂದ ಒಂದೆರಡು ಜಾರಿ ಬಿದ್ದಿರಬಹುದು, ಅಲ್ವಾ? ಮೆಟ್ಟಿಲ ಹತ್ತಿರ ಪಾಸಿಟಿವ್, ನಡುವೆ ನೆಗೆಟಿವ್, ಮಳೆಗಾಲ ಕಳೆದ ಮೇಲೆ ಮತ್ತೆ ನೋಡಬೇಕು ಅಂತ ಬರೆದೆ.

'ಇದೆಯೋ ಇಲ್ಲವೋ, ಒಂದು ಹೇಳ್ರೀ' ಅಂತ ರಿಪೋರ್ಟ್ ವಾಪಸ್ ಬಂತು. ಜೊತೆಗೆ ಹರಿಗೋಲಿನ ಬಿಲ್ಲೂ ಬಂತು. ಅದಕ್ಕೆ ಬಜೆಟ್‌ನಲ್ಲಿ ಹೆಡ್ ಇಲ್ಲವಂತೆ.